ಅಡಿಯೂ ಅಡಿಕೋಲೂ

ಧರ್ಮಪುರಿಯಿಂದ ಪೆನ್ನಾಗರದ ಮೇಲೆ ಹೊಗೇನಕಲ್ಲಿಗೆ ಹೋಗತಕ್ಕ ಬಸ್ಸಿನಲ್ಲಿ ಕುಳಿತು ಸುತ್ತಣ ಮಾತುಗಳಿಗೆ ಕಿವಿಗೊಟ್ಟವನಿಗೆ, ತಮಿಳು ಎಲ್ಲಿ ಮುಗಿದು ಕನ್ನಡ ಎಲ್ಲಿ ಮೊದಲಾಯಿತೆಂದು ನಿಶ್ಚಯಿಸುವುದು ಸುಲಭವಲ್ಲ. ಹೊಳೆಯ ಆಚೆಯ ದಡ ಚಾಮರಾಜನಗರದ್ದು, ಈಚೆಯ ದಡ ಧರ್ಮಪುರಿಯದ್ದು. ಊರಿನ ಹೆಸರಾದರೋ ಹೊಗೆಯೂ ಕಲ್ಲೂ ಕೂಡಿದ ಅಚ್ಚಗನ್ನಡ. ಒಮ್ಮೆ ಅಂಥ ಪ್ರಯಾಣದಲ್ಲಿ, ಕಿಟಕಿಯಿಂದ ಕೈ ಹೊರಗೆ ಚಾಚುತ್ತಿದ್ದ ಮೊಮ್ಮಗನನ್ನು ಅಜ್ಜಿಯೊಬ್ಬಳು, "ಒಳಗಿಡು ಕೈಯ್ಯ, ಅಡಿ ಬೀಳ್ತದೆ ನೋಡು" ಎಂದು ಗದರಿಸಿದಳು. ಮೈಸೂರಿನ ಕಡೆಯ ನನ್ನ ಕಿವಿಗೆ ಆ ವಾಕ್ಯವೆಲ್ಲ ಪರಿಚಿತವಾಗಿದ್ದೂ ಅದರ ನಡುವಿನ ಒಂದು ಶಬ್ದ ಮಾತ್ರ ಕ್ಷಣಕಾಲ ತಡವರಿಸುವಂತೆ ಮಾಡಿತು. ನಮಗೆ ಅಡಿಯೆಂದರೆ ಪಾದ, ಬುಡ, ಹನ್ನೆರಡು ಅಂಗುಲಗಳ ಅಳತೆ; ದೇವರ ಮುಂದೆ ಅದು ಅಡಿದಾವರೆ, ಬಡಗಿಯ ಕೈಯಲ್ಲಿ ಅಡಿಕೋಲು. ತಮಿಳಿನಲ್ಲಿ ಇವೆಲ್ಲದರ ಜೊತೆಗೆ ಅದಕ್ಕೆ ಏಟೆಂಬ ಅರ್ಥವೂ ಉಂಟು. ಗಡಿಯ ಕನ್ನಡದ ಮನೆಗಳು ಆ ನಾಲ್ಕನೆಯ ಅರ್ಥವನ್ನೂ ನೆರೆಯವರಿಂದ ಕಡ ತಂದು ತಮ್ಮದನ್ನಾಗಿ ಮಾಡಿಕೊಂಡಿವೆ.

ಆ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇರುವ ಗಾದೆಯೊಂದರ ತಾತ್ಪರ್ಯವಿದು: ಅಡಿ ಒದಗಿಬರುವಂತೆ ಅಣ್ಣತಮ್ಮಂದಿರೂ ಒದಗಿಬರಲಾರರು. ಹುಡುಗನನ್ನು ದಾರಿಗೆ ತರಲು ಏಟಿಗಿಂತ ದೊಡ್ಡ ಬಂಧುವಿಲ್ಲವೆಂದು ಲೋಕ ಇದಕ್ಕೆ ಅರ್ಥ ಹೇಳುತ್ತದೆ. ಆದರೆ ಪುರಾಣ ಹೇಳುವ ಪಂಡಿತರು ಒಪ್ಪುವುದಿಲ್ಲ. ಇಲ್ಲಿ ಅಡಿಯೆಂದರೆ ಭಗವಂತನ ಪಾದ. ಆಪತ್ಕಾಲದಲ್ಲಿ ಆ ಪಾದವು ನೆರವಾಗುವಂತೆ ಒಡಹುಟ್ಟಿದವರೂ ನೆರವಾಗರೆಂಬುದೇ ಹಿರಿಯರ ಅಭಿಪ್ರಾಯವೆಂದು ಅವರು ವಾದಿಸುತ್ತಾರೆ. ಶಬ್ದಶಾಸ್ತ್ರದ ದೃಷ್ಟಿಯಿಂದ ಈ ವ್ಯಾಖ್ಯಾನ ನಿಲ್ಲುವುದೋ ಇಲ್ಲವೋ ನನಗೆ ಸಂಶಯವೇ. ಆದರೂ ಗಾದೆಯೊಳಗಿನ ಕೋಲನ್ನು ಕಂಡು ಮುಜುಗರಪಟ್ಟು, ಅದನ್ನು ಕಿತ್ತುಹಾಕಿ ದೇವರ ಪಾದವನ್ನು ಅಲ್ಲಿ ಸ್ಥಾಪಿಸಿದ ಯಾವನೋ ಅಜ್ಞಾತ ಪುರಾಣಿಕನ ಅಂತಃಕರಣ ದೊಡ್ಡದೆಂದು ಭಾವಿಸುತ್ತೇನೆ.

ನಮ್ಮ ಕಡೆಯೂ 'ದಂಡಂ ದಶಗುಣಂ' ಎನ್ನುವವರಿಗೆ ಕೊರತೆಯಿಲ್ಲ; 'ಛಡಿ ಚಂ ಚಂ, ವಿದ್ಯೆ ಘಂ ಘಂ' ಎಂಬುದನ್ನು ಬಾಲ್ಯದಲ್ಲಿ ಅಂಗೈ ಚಾಚಿಕೊಂಡೇ ನಾವು ಕಂಠಪಾಠ ಮಾಡಿದವರು. ಇಂಥ ಮಾತುಗಳ ಹಿಂದೆ ಒಂದು ಗಾಢವಾದ ನಂಬಿಕೆಯಿದೆ: ಮಕ್ಕಳನ್ನು ಹೊಡೆದು ತಿದ್ದುವುದಕ್ಕೆ ಧರ್ಮದ ಸಮ್ಮತಿಯಿದೆ, ಶಾಸ್ತ್ರವೇ ಹಾಗೆ ಹೇಳಿದೆ ಎಂಬುದು. ಹಿಂದೂಗಳಷ್ಟೇ ಅಲ್ಲ, ಕ್ರೈಸ್ತರೂ ಮುಸಲ್ಮಾನರೂ ತಮ್ಮ ತಮ್ಮ ಗ್ರಂಥಗಳನ್ನು ಮುಂದುಮಾಡಿ ಇದನ್ನೇ ಹೇಳುವುದುಂಟು. ಆ ಗ್ರಂಥಗಳನ್ನು ಬಿಚ್ಚಿ ನೋಡಿದಾಗ ನನಗೆ ಕಂಡದ್ದು ಕೋಲಿಗಿಂತ ಹೆಚ್ಚಾಗಿ ಕೋಲಿನ ಅಳತೆ. ಅನುಮತಿ ಒಂದು ವಾಕ್ಯದಲ್ಲಿದ್ದರೆ ಅದಕ್ಕೆ ಹಾಕಿದ ಬೇಲಿ ಮೂರು ವಾಕ್ಯಗಳಲ್ಲಿದೆ. ಜನ ಅನುಮತಿಯನ್ನು ನೆನಪಿಟ್ಟು ಬೇಲಿಯನ್ನು ಮರೆತರು.

ಶಾಸ್ತ್ರಕ್ಕೆ ಮೊದಲು ಶಾಲೆಯ ವಿಷಯ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟೀಪುಸುಲ್ತಾನನು ಬಿಟ್ಟುಕೊಟ್ಟ ಬಾರಾಮಹಲ್ ಪ್ರಾಂತವೇ ಈಗಿನ ಸೇಲಂ, ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಬಹುಭಾಗ. ಅಲ್ಲಿ ಕ್ಯಾಪ್ಟನ್ ರೀಡನ ಸಹಾಯಕನಾಗಿ 1799ರವರೆಗೆ ಕಂದಾಯದ ಕೆಲಸ ಮಾಡಿ, ಧರ್ಮಪುರಿಯಲ್ಲಿ ತೋಟ ಮಾಡಿಕೊಂಡು ಆ ಊರನ್ನು ಬಹಳವಾಗಿ ಪ್ರೀತಿಸಿದ ಥಾಮಸ್ ಮನ್ರೋ, ಮುಂದೆ ಮದರಾಸಿನ ಗವರ್ನರನಾದಾಗ, 1822ರಲ್ಲಿ, ಪ್ರತಿ ಜಿಲ್ಲೆಯ ದೇಶೀಯ ಪಾಠಶಾಲೆಗಳ ವಿವರವನ್ನು ಕಳುಹಿಸಬೇಕೆಂದು ಕಲೆಕ್ಟರರಿಗೆ ಆಜ್ಞೆಮಾಡಿದನು. ಬಂದ ಉತ್ತರಗಳಲ್ಲಿ ಅತ್ಯಂತ ಸಜೀವವಾದುದು ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಬರೆದದ್ದು. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ; ಅದು ಗೌರವ. ಎರಡನೆಯವನ ಕೈಯಲ್ಲಿ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು. ಆಮೇಲೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಸೋಮಾರಿಗಳನ್ನು ಎರಡು ಕೈಗಳಿಗೂ ಹಗ್ಗ ಕಟ್ಟಿ ಮಾಡಿಗೆ ತೂಗುಹಾಕುವುದೂ, ಎಡೆಬಿಡದೆ ಕೂರಿಸಿ ಏಳಿಸುವುದೂ ಉಂಟೆಂದು ಆತ ಬರೆದಿದ್ದಾನೆ. ಮೊದಲನೆಯದು ನಮ್ಮ ಅಜ್ಜಂದಿರು ಹೇಳುತ್ತಿದ್ದ ಕೋದಂಡ, ಎರಡನೆಯದು ಬಸ್ಕಿ. ತಮಿಳರ ತಿಣ್ಣೆ ಪಳ್ಳಿಕ್ಕೂಡದಲ್ಲಿಯೂ ಕನ್ನಡಿಗರ ಕೂಲಿಮಠದಲ್ಲಿಯೂ ಈ ಪದ್ಧತಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಒಂದೇ ಅಂಗೈ ಒಂದು ದಿನ ದೇವಿಯ ಹೆಸರಿಗೂ ಇನ್ನೊಂದು ದಿನ ಬೆತ್ತಕ್ಕೂ ಪಾತ್ರವಾಗುತ್ತಿತ್ತು. ಭಕ್ತಿಯೂ ಭಯವೂ ಒಂದೇ ಬಳಪದಿಂದ ಬರೆದಂತೆ ಬೆರೆತಿದ್ದವು.

ಇನ್ನು ಶಾಸ್ತ್ರ. ಗೌತಮನ ಧರ್ಮಸೂತ್ರದಲ್ಲಿ ಸಾಮಾನ್ಯ ನಿಯಮವೇ ಶಿಷ್ಯನನ್ನು ಹೊಡೆಯದೆ ತಿದ್ದತಕ್ಕದ್ದೆಂಬುದು. ಅದು ಅಶಕ್ಯವಾದಲ್ಲಿ ಮಾತ್ರ ತೆಳುವಾದ ಹಗ್ಗ ಅಥವಾ ಸೀಳಿದ ಬಿದಿರಿನ ಎಳೆ; ಇವನ್ನು ಬಿಟ್ಟು ಬೇರಾವುದರಿಂದಲಾದರೂ ಹೊಡೆದ ಗುರುವನ್ನು ರಾಜನು ಶಿಕ್ಷಿಸಬೇಕು. ಗುರುವನ್ನು ಸಾಕ್ಷಾತ್ ಪರಬ್ರಹ್ಮವೆಂದು ಹೊಗಳುವ ಸಂಪ್ರದಾಯದಲ್ಲಿಯೇ ಒಬ್ಬ ಸೂತ್ರಕಾರನು ಆ ಗುರುವಿನ ಬೆನ್ನ ಹಿಂದೆ ರಾಜದಂಡವನ್ನು ನಿಲ್ಲಿಸಿದ್ದನ್ನು ಎಷ್ಟು ಮಂದಿ ಬಲ್ಲರು? ಆಪಸ್ತಂಬನಂತೂ ತಪ್ಪಿತಸ್ಥ ಶಿಷ್ಯನಿಗೆ ವಿಧಿಸತಕ್ಕ ದಂಡನೆಗಳನ್ನು ಎಣಿಸುವಾಗ ಹೆದರಿಸುವುದು, ಉಪವಾಸವಿರಿಸುವುದು, ತಣ್ಣೀರಿನಲ್ಲಿ ಮೀಯಿಸುವುದು, ಎದುರಿಗೆ ಬರಬೇಡವೆಂದು ದೂರವಿಡುವುದು, ಇಷ್ಟನ್ನೇ ಹೇಳಿ ಸುಮ್ಮನಾಗಿದ್ದಾನೆ. ಉಪವಾಸವೂ ತಣ್ಣೀರೂ ಇಂದಿನ ನಮಗೆ ಕ್ರೂರವಾಗಿ ತೋರುವುದು ಸಹಜ. ಆದರೆ ಆ ಪಟ್ಟಿಯಲ್ಲಿ ಕೋಲಿಲ್ಲ.

ಮನುಸ್ಮೃತಿಯ ಮಾತು ಇಷ್ಟು ಸರಳವಲ್ಲ. ಎರಡನೆಯ ಅಧ್ಯಾಯದಲ್ಲಿ, ಶ್ರೇಯಸ್ಸಿನ ಉಪದೇಶವನ್ನು ಅಹಿಂಸೆಯಿಂದಲೇ ಮಾಡತಕ್ಕದ್ದು, ಮಾತು ಮಧುರವಾಗಿಯೂ ಮೃದುವಾಗಿಯೂ ಇರಬೇಕು ಎಂದ ಗ್ರಂಥವೇ ಎಂಟನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ, ತಪ್ಪುಮಾಡಿದ ಹೆಂಡತಿ, ಮಗ, ದಾಸ, ಸೇವಕ, ಒಡಹುಟ್ಟಿದ ತಮ್ಮ ಇವರನ್ನು ಹಗ್ಗದಿಂದಲೋ ಬಿದಿರ ಸೀಳಿನಿಂದಲೋ ಹೊಡೆಯಬಹುದೆನ್ನುತ್ತದೆ. ಹೊಡೆಯುವುದಾದರೂ ಬೆನ್ನಿನ ಮೇಲೆ. ತಲೆಯ ಮೇಲೆ ಎಂದಿಗೂ ಕೂಡದು. ಈ ಮೇರೆಯನ್ನು ಮೀರಿದವನಿಗೆ ಕಳ್ಳನ ಪಾಪ ಪ್ರಾಪ್ತವಾಗುವುದು. ಈ ಶ್ಲೋಕಗಳನ್ನು ಓದುವಾಗ ನನ್ನ ಕಣ್ಣು ನಿಂತದ್ದು ಬಿದಿರಿನ ಮೇಲಲ್ಲ, ಆ ಹೆಸರುಗಳ ಪಟ್ಟಿಯ ಮೇಲೆ. ಅದರಿಂದ ದಾಸನನ್ನು ಕಾನೂನು ಬಿಡಿಸಿತು. ಸೇವಕನ ಮೇಲೆ ಕೈಮಾಡಿದವನು ಇಂದು ಪೋಲೀಸು ಠಾಣೆ ಹತ್ತಬೇಕಾದೀತು. ಹೆಂಡತಿಯನ್ನು ಹೊಡೆಯುವವನು ತಾನು ಶಾಸ್ತ್ರದಂತೆ ನಡೆದೆನೆಂದು ಸಭೆಯಲ್ಲಿ ಹೇಳಿಕೊಳ್ಳಲಾರ. ತಮ್ಮನೂ ದೊಡ್ಡವನಾಗಿ ಪಾಲು ಕೇಳುತ್ತಾನೆ. ಕಡೆಗೆ ಆ ಪಟ್ಟಿಯಲ್ಲಿ ಉಳಿದುಕೊಂಡವನು ಮಗನೊಬ್ಬನೇ. ಪಟ್ಟಿಯಲ್ಲಿದ್ದವರ ಪೈಕಿ ಅತ್ಯಂತ ಚಿಕ್ಕವನು, ದೂರು ಕೊಡಲು ಠಾಣೆಯ ದಾರಿಯನ್ನೂ ಅರಿಯದವನು.

ಐದು ವರ್ಷ ಮುದ್ದಿಸಿ, ಹತ್ತು ವರ್ಷ ದಂಡಿಸಿ, ಹದಿನಾರಾದ ಮೇಲೆ ಮಿತ್ರನಂತೆ ಕಾಣಬೇಕೆಂಬ ಚಾಣಕ್ಯನೀತಿಯ ಮಾತು ಎಲ್ಲರಿಗೂ ಬಾಯಿಪಾಠ. ಪತಂಜಲಿಯ ಮಹಾಭಾಷ್ಯದಲ್ಲಿಯೂ ಇಂಥ ಎರಡು ನೋಟಗಳಿವೆ: ಗುರುವಿನ ಕೈ ಹೊಡೆಯುವುದು ಅಮೃತದಿಂದಲೇ ಹೊರತು ವಿಷದಿಂದಲ್ಲವೆಂಬುದು ಒಂದು, ಉದಾತ್ತ ಸ್ವರದ ಕಡೆ ಅನುದಾತ್ತವನ್ನು ಹೇಳಿದ ಹುಡುಗನ ಕೆನ್ನೆಗೆ ಉಪಾಧ್ಯಾಯನು ಚಪೇಟ ಕೊಡುತ್ತಾನೆಂಬುದು ಇನ್ನೊಂದು. ಎರಡು ಸಾವಿರ ವರ್ಷಗಳ ಹಿಂದಿನ ಆ ಕೆನ್ನೆಯೇಟಿನ ಶಬ್ದ ವ್ಯಾಕರಣದ ಪುಟಗಳಿಂದ ಇಂದಿಗೂ ಕೇಳಿಸುತ್ತದೆ. ಅದರಲ್ಲಿ ಅಮೃತವೆಷ್ಟಿತ್ತೆಂಬುದನ್ನು ಆ ಹುಡುಗನನ್ನೇ ಕೇಳಬೇಕಾಗಿತ್ತು.

ಈ ಸೀಮೆಯ ಮಣ್ಣಿನಲ್ಲಿಯೇ ಬೇರೆಯೊಂದು ಧರ್ಮದ ಧ್ವನಿಯೂ ಹೂತುಹೋಗಿದೆ. ಧರ್ಮಪುರಿಯ ಪ್ರಾಚೀನ ನಾಮ ತಗಡೂರು. ಸಂಗಮ ಕಾಲದ ಕವಯಿತ್ರಿ ಅವ್ವೈಯಾರಿಗೆ ಆಶ್ರಯವಿತ್ತ ಅದಿಯಮಾನರ ರಾಜಧಾನಿ. ಮುಂದೆ ನೊಳಂಬರ ಆಳ್ವಿಕೆಯಲ್ಲಿ, 893ರ ಕನ್ನಡ ಶಾಸನವೊಂದರ ಪ್ರಕಾರ, ನಿಧಿಯಣ್ಣ, ಚಂಡಿಯಣ್ಣ ಎಂಬ ಸೋದರರು ಇಲ್ಲಿ ಬಸದಿಯೊಂದನ್ನು ಕಟ್ಟಿಸಿದರು. ಮಹೇಂದ್ರ ನೊಳಂಬನಿಂದ ಪಡೆದ ಮೂಲಪಳ್ಳಿಯೆಂಬ ಗ್ರಾಮವನ್ನು ನಿಧಿಯಣ್ಣನು ಕನಕಸೇನ ಸಿದ್ಧಾಂತಭಟಾರರಿಗೆ ಆ ಬಸದಿಗಾಗಿ ಕೊಟ್ಟನು. ಅಂಥ ಬಸದಿಯಲ್ಲಿ ಗೃಹಸ್ಥರಿಗೆ ಉಪದೇಶವಾಗುತ್ತಿದ್ದ ಧರ್ಮದ ಸಾರ ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿದೆ. ಅಹಿಂಸೆಯ ಅಣುವ್ರತವನ್ನು ಕೈಕೊಂಡವನು ಐದು ಅತಿಚಾರಗಳಿಂದ ದೂರವಿರಬೇಕು: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಶಕ್ತಿಮೀರಿದ ಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ದನಕರುಗಳೂ ಆಳುಗಳೂ ಸೂತ್ರದ ಮನಸ್ಸಿನಲ್ಲಿದ್ದಿರಬಹುದು. ಆದರೆ ಅಂಗಚ್ಛೇದವೊಂದನ್ನು ಬಿಟ್ಟರೆ ಮಿಕ್ಕ ನಾಲ್ಕೂ ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಮಕ್ಕಳ ಮೇಲೆ ನಡೆಯುತ್ತಿದ್ದುವೇ ಅಲ್ಲವೇ? ಕಂಬಕ್ಕೆ ಕಟ್ಟುವುದು, ಬೆತ್ತ, ಹೊತ್ತಿಗೊಂದು ಹೊರೆ ಪಾಠ, 'ಇವತ್ತು ನಿನಗೆ ಊಟವಿಲ್ಲ' ಎಂಬ ಆಜ್ಞೆ. ಪಶುವಿಗೆ ಸಲ್ಲುವ ಕರುಣೆ ಮಗುವಿಗೆ ಸಲ್ಲದೆಂದು ಯಾವ ಆಚಾರ್ಯರೂ ಬರೆದಿಲ್ಲ.

ಶಾಸ್ತ್ರಕ್ಕಿಂತ ಪುರಾಣಗಳು ಜನರ ಹೃದಯಕ್ಕೆ ಹತ್ತಿರ. ಅವುಗಳ ಪಕ್ಷಪಾತ ಸ್ಪಷ್ಟವಾಗಿ ಮಗುವಿನ ಕಡೆಗೇ. ಭಾಗವತದ ದಶಮಸ್ಕಂಧದಲ್ಲಿ ಮೊಸರಿನ ಗಡಿಗೆಯನ್ನೊಡೆದ ಕೃಷ್ಣನನ್ನು ಯಶೋದೆ ಕೋಲು ಹಿಡಿದು ಅಟ್ಟಿಸಿಕೊಂಡು ಹೋಗುತ್ತಾಳೆ, ಹಿಡಿಯುತ್ತಾಳೆ. ಕಾಡಿಗೆಯ ಕಣ್ಣುಗಳನ್ನು ಉಜ್ಜಿಕೊಳ್ಳುತ್ತ ಅಳುತ್ತಿದ್ದ ಮಗುವಿನ ಭಯವನ್ನು ಕಂಡೊಡನೆ ಕೋಲನ್ನು ಎಸೆದುಬಿಡುತ್ತಾಳೆ. ಆಮೇಲೆ ಒರಳಿಗೆ ಕಟ್ಟಹೋದರೆ ಹಗ್ಗ ಎಷ್ಟು ಸೇರಿಸಿದರೂ ಎರಡು ಅಂಗುಲ ಸಾಲದೇ ಹೋಗುತ್ತದೆ. ಆ ಎರಡು ಅಂಗುಲಗಳ ಬಗ್ಗೆ ವ್ಯಾಖ್ಯಾನಕಾರರು ಪುಟಗಟ್ಟಲೆ ಬರೆದಿದ್ದಾರೆ. ಎಸೆದ ಕೋಲು ಎಲ್ಲಿ ಬಿದ್ದಿತೆಂದು ಯಾರೂ ವಿಚಾರಿಸಲಿಲ್ಲ.

ಪ್ರಹ್ಲಾದನ ಕಥೆ ಇದಕ್ಕಿಂತ ಘೋರ. ಅಲ್ಲಿ ಶಂಡನೂ ಅಮರ್ಕನೂ ವೃತ್ತಿಯಿಂದ ಉಪಾಧ್ಯಾಯರು. ಹುಡುಗನು ಹರಿಯ ಹೆಸರೆತ್ತಿದೊಡನೆ ಅವರಲ್ಲೊಬ್ಬನು, ಬೆತ್ತ ತನ್ನಿ, ಈ ಕುಲಗೇಡಿಗೆ ಸಾಮ ದಾನ ಭೇದಗಳೆಲ್ಲ ಮುಗಿದು ನಾಲ್ಕನೆಯ ಉಪಾಯವೊಂದೇ ಉಳಿದಿದೆ ಎಂದು ಆರ್ಭಟಿಸುತ್ತಾನೆ. ಬೆತ್ತದಿಂದ ಮೊದಲಾದದ್ದು ಆನೆ, ಹಾವು, ಬೆಂಕಿ, ವಿಷಗಳವರೆಗೆ ಹೋಗಿ, ಕೊನೆಗೆ ಕಂಬವೊಡೆದು ದೇವರು ಬಂದದ್ದು ಹೊಡೆದ ತಂದೆಯ ಪಕ್ಷಕ್ಕಲ್ಲ, ಹೊಡೆಸಿಕೊಂಡ ಮಗನ ಪಕ್ಷಕ್ಕೆ. 1997ರವರೆಗೆ ಸೇಲಂ ಜಿಲ್ಲೆಗೇ ಸೇರಿದ್ದ ನಾಮಕ್ಕಲ್ಲಿನ ಬಂಡೆಯಲ್ಲಿ ಅದಿಯಮಾನ ವಂಶದವರು ಎಂಟನೆಯ ಶತಮಾನದಲ್ಲಿ ಕೊರೆಯಿಸಿದ ಗುಹಾಲಯದೊಳಗೆ, ಹಿರಣ್ಯಕಶಿಪುವನ್ನು ಸೀಳುವ ನರಸಿಂಹನ ಮುಂದೆ, ಹೋಂವರ್ಕು ಮಾಡದ ಹುಡುಗರ ತಂದೆಯರೂ ಕೈಮುಗಿದು ನಿಲ್ಲುತ್ತಾರೆ. ಗಾಜನೂರಿನಲ್ಲಿ ಹುಟ್ಟಿದ ರಾಜಕುಮಾರರು 1983ರ 'ಭಕ್ತ ಪ್ರಹ್ಲಾದ' ಚಿತ್ರದಲ್ಲಿ ಹಿರಣ್ಯಕಶಿಪುವಾಗಿ, ತಮ್ಮ ಸ್ವಂತ ಮಗನನ್ನೇ ಪ್ರಹ್ಲಾದನನ್ನಾಗಿ ಎದುರಿಗಿಟ್ಟುಕೊಂಡು ನಟಿಸಿದಾಗ, ಗದಾಧಾರಿಯಾದ ಆ ತಂದೆಯ ಕಣ್ಣಿನಲ್ಲಿ ನೀರನ್ನೂ ನಾವು ಕಂಡೆವು. ಹೊಡೆಯುವವನಿಗೂ ಪ್ರೀತಿಯಿರುತ್ತದೆಂಬುದು ನಿಜ. ಅದು ಮಗುವಿಗೆ ಯಾವ ಸಮಾಧಾನವೆಂಬುದೇ ಪ್ರಶ್ನೆ.

ಲಂಡನ್ ಮಿಷನ್ನಿನವರು ಸೇಲಮ್ಮಿನಲ್ಲಿ ನೆಲೆನಿಂತದ್ದು 1827ರಲ್ಲಿ; ಅದೇ ಮಿಷನ್ನಿನ ದುಡಿಮೆಯಿಂದ 1831ರ ಹೊತ್ತಿಗೆ ಸಂಪೂರ್ಣ ಬೈಬಲ್ಲು ಕನ್ನಡದಲ್ಲಿ ಅಚ್ಚಾಯಿತು. ಅದರ ಹಳೆಯ ಒಡಂಬಡಿಕೆಯ ಜ್ಞಾನೋಕ್ತಿಗಳಲ್ಲಿ ಬೆತ್ತವನ್ನು ಹಿಂತೆಗೆಯುವ ತಂದೆ ಮಗನ ಹಗೆಯೆಂಬ ಅಭಿಪ್ರಾಯದ ಮಾತು ಒಂದೆರಡಲ್ಲ, ನಾಲ್ಕೈದು ಕಡೆ ಬರುತ್ತದೆ. ಕ್ರೈಸ್ತ ದೇಶಗಳ ಬೋಧಕರು ಶತಮಾನಗಳ ಕಾಲ ಈ ವಾಕ್ಯಗಳನ್ನೇ ಬೆತ್ತಕ್ಕೆ ಹಿಡಿಯನ್ನಾಗಿ ಮಾಡಿಕೊಂಡರು. ಹಾಗೆ ಮಾಡಿದವರು, ಮಕ್ಕಳನ್ನು ಕೆಣಕಬೇಡಿರಿ, ಅವರು ಎದೆಗುಂದಿಯಾರು ಎಂದು ಸಂತ ಪೌಲನ ಹೆಸರಿನ ಪತ್ರಗಳು ತಂದೆಯರಿಗೇ ಕೊಟ್ಟ ಎಚ್ಚರಿಕೆಯನ್ನು ಮೆಲ್ಲಗೆ ದಾಟಿಹೋದರು. ಹೀಬ್ರೂ ಮೂಲದಲ್ಲಿರುವ ಶಬ್ದ ಕುರುಬನ ಕೋಲಿಗೂ ಸಲ್ಲುತ್ತದೆಂದೂ, ಕುರುಬನು ಅದರಿಂದ ಕುರಿಯನ್ನು ನಡೆಸುವನಲ್ಲದೆ ಬಡಿಯುವುದಿಲ್ಲವೆಂದೂ ಈಚಿನ ಕೆಲವರು ಅರ್ಥೈಸುತ್ತಾರೆ. ನಮ್ಮ ಗಾದೆಯ ಅಡಿಯನ್ನು ದೇವರ ಪಾದವಾಗಿಸಿದ ಪುರಾಣಿಕನ ತಮ್ಮಂದಿರೇ ಇವರೂ. ಇಟಲಿಯ ಡಾನ್ ಬಾಸ್ಕೋ ಮಾತ್ರ ಅರ್ಥವಿಚಾರಕ್ಕೆ ಹೋಗಲಿಲ್ಲ. ಬೀದಿಯ ಹುಡುಗರ ನಡುವೆ ಜೀವನ ಸವೆಸಿದ ಆ ಪಾದ್ರಿ 1877ರಲ್ಲಿ ಬರೆದ ಪುಟ್ಟ ಪ್ರಬಂಧದಲ್ಲಿ ವಿವೇಕ, ಧರ್ಮ, ವಾತ್ಸಲ್ಯ ಎಂಬ ಮೂರರ ಮೇಲೆ ಶಿಕ್ಷಣವನ್ನು ನಿಲ್ಲಿಸಿ, ಹೊಡೆತವನ್ನು ಹೊರಗಿಟ್ಟನು. ಅವನ ಹೆಸರಿನ ಕಾಲೇಜು ಇಂದು ಧರ್ಮಪುರಿಯಲ್ಲಿಯೂ ಇದೆ.

ಮುಸಲ್ಮಾನರಲ್ಲಿ ಈ ಚರ್ಚೆಯೆಲ್ಲ ಅಬೂ ದಾವೂದರ ಸಂಗ್ರಹದ ಒಂದು ಹದೀಸಿನ ಸುತ್ತ ತಿರುಗುತ್ತದೆ: ಏಳು ವರ್ಷಕ್ಕೆ ಮಕ್ಕಳಿಗೆ ನಮಾಜನ್ನು ಹೇಳಿಕೊಡಿ, ಹತ್ತಕ್ಕೂ ಬಿಟ್ಟರೆ ಹೊಡೆಯಿರಿ. ಇದಕ್ಕೆ ನ್ಯಾಯವೇತ್ತರು ಹಾಕಿದ ಕಟ್ಟುಗಳು ಗೌತಮನನ್ನು ನೆನಪಿಗೆ ತರುತ್ತವೆ: ಮುಖಕ್ಕೆ ಹೊಡೆಯಕೂಡದು, ಗುರುತು ಬೀಳಕೂಡದು, ಕೋಪದಲ್ಲಿ ಕೈಯೆತ್ತಕೂಡದು. ಪ್ರವಾದಿಗಳು ತಮ್ಮ ಕೈಯಿಂದ ಹೆಂಗಸನ್ನಾಗಲಿ ಸೇವಕನನ್ನಾಗಲಿ ಎಂದೂ ಹೊಡೆದವರಲ್ಲವೆಂದು ಅವರ ಪತ್ನಿ ಆಯಿಷಾ ಹೇಳಿದ ಮಾತೂ ಹದೀಸುಗಳಲ್ಲಿಯೇ ಇದೆ. ಹದಿನಾಲ್ಕನೆಯ ಶತಮಾನದ ಇಬ್ನ್ ಖಲ್ದೂನನಾದರೋ ಇತಿಹಾಸಕಾರನ ಕಣ್ಣಿನಿಂದ ನೋಡಿ, ಕಠೋರ ದಂಡನೆಯಲ್ಲಿ ಬೆಳೆದ ಮಗು ಸುಳ್ಳನ್ನೂ ಕಪಟವನ್ನೂ ಕಲಿಯುತ್ತದೆ, ಏಕೆಂದರೆ ಕೈಯ ಭಯದಿಂದ ಮನಸ್ಸಿನಲ್ಲಿರುವುದನ್ನು ಮರೆಮಾಡುವುದು ಅದಕ್ಕೆ ಅಭ್ಯಾಸವಾಗುತ್ತದೆ ಎಂದನು. ನಾನು ಓದಿದವುಗಳಲ್ಲಿ ಇದಕ್ಕಿಂತ ನೇರವಾದ ಕಾರಣವನ್ನು ಬೇರೆ ಯಾರೂ ಕೊಟ್ಟಿಲ್ಲ.

ಕಾನೂನು ಧರ್ಮಗ್ರಂಥಗಳಷ್ಟೇ ದ್ವಂದ್ವದಲ್ಲಿತ್ತು; ಈಗಲೂ ಪೂರ್ತಿ ಹೊರಬಂದಿಲ್ಲ. 1860ರ ದಂಡಸಂಹಿತೆಯ 89ನೆಯ ಕಲಮು, ಹನ್ನೆರಡು ವರ್ಷದೊಳಗಿನ ಮಗುವಿನ ಹಿತಕ್ಕಾಗಿ ಪೋಷಕನು ಸದ್ಭಾವನೆಯಿಂದ ಮಾಡಿದ್ದು ಅಪರಾಧವಲ್ಲವೆಂದು ಹೇಳಿತು; 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ನ್ಯಾಯಸಂಹಿತೆಯೂ ಆ ರಕ್ಷಣೆಯನ್ನು ಉಳಿಸಿಕೊಂಡಿದೆ. ಶಾಲೆಯ ವಿಷಯದಲ್ಲಿ ಹಾಗಲ್ಲ. ತಮಿಳುನಾಡು 2003ರಲ್ಲಿ ತನ್ನ ಶಿಕ್ಷಣ ನಿಯಮಗಳನ್ನು ತಿದ್ದಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೇಶಕ್ಕೆಲ್ಲ ಅದನ್ನು ಅನ್ವಯಿಸಿ, ಮಾನಸಿಕ ಹಿಂಸೆಯನ್ನೂ ಸೇರಿಸಿತು. ಅದಕ್ಕೆ ಎರಡು ವರ್ಷ ಮೊದಲು, 2007ರಲ್ಲಿ, ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶಾಲೆಗೆ ಹೋಗುವ ಪ್ರತಿ ಮೂರು ಮಕ್ಕಳಲ್ಲಿ ಇಬ್ಬರು ಏಟು ತಿಂದದ್ದಾಗಿ ಹೇಳಿದ್ದರು. ಹೀಗಾಗಿ ಇಂದು ಸೇಲಮ್ಮಿನ ಗುಗೈಯಲ್ಲೋ ಅಮ್ಮಾಪೇಟೆಯಲ್ಲೋ ಮಗ್ಗದ ಮನೆಯ ಹುಡುಗನೊಬ್ಬನ ಮಟ್ಟಿಗೆ ಶಾಲೆಯ ಗೇಟಿನ ಒಳಗೆ ಒಂದು ನ್ಯಾಯ, ಮನೆಯ ಹೊಸ್ತಿಲಿನ ಒಳಗೆ ಇನ್ನೊಂದು ನ್ಯಾಯ. ಸ್ವೀಡನ್ 1979ರಲ್ಲಿಯೇ ಆ ಹೊಸ್ತಿಲನ್ನೂ ದಾಟಿತ್ತು.

ಇದೇ ಹಳೆಯ ಸೇಲಂ ಜಿಲ್ಲೆಯ ತಿರುಚ್ಚೆಂಗೋಡಿನ ಬಳಿ, 1925ರಲ್ಲಿ, ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿಯವರು ಗಾಂಧೀ ಆಶ್ರಮವನ್ನು ಸ್ಥಾಪಿಸಿದರು. ಯಾರ ಹೆಸರಿನಲ್ಲಿ ಅದು ನಿಂತಿತೋ ಆ ಮಹಾತ್ಮರು ಅದಕ್ಕೆ ಬಹಳ ಮೊದಲೇ, ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ, ಹೇಳಿದ ಮಾತು ಕೇಳದೆ ಉದ್ಧಟನಾಗಿದ್ದ ಹದಿನೇಳು ವರ್ಷದ ಹುಡುಗನೊಬ್ಬನ ತೋಳಿಗೆ, ಕೈಗೆ ಸಿಕ್ಕಿದ ರೂಲುದೊಣ್ಣೆಯಿಂದ ಒಂದೇಟು ಹಾಕಿದ್ದರು. ಹೊಡೆಯುವಾಗ ತಮ್ಮ ಕೈ ನಡುಗಿತೆಂದೂ, ಹುಡುಗ ಅತ್ತದ್ದು ನೋವಿಗಲ್ಲ, ತಮ್ಮ ವೇದನೆಯನ್ನು ಕಂಡೆಂದೂ, ಆಮೇಲೆ ಅವನು ಎಂದೂ ಮಾತು ಮೀರಲಿಲ್ಲವೆಂದೂ ಆತ್ಮಕಥೆಯಲ್ಲಿ ಬರೆದಿದ್ದಾರೆ. ಏಟು ಫಲಿಸಿತೆಂದು ಲೋಕ ಹೇಳಬಹುದಾದ ಪ್ರಸಂಗವೇ ಇದು. ಅವರು ಹಾಗೆ ಹೇಳಲಿಲ್ಲ. ತಮ್ಮೊಳಗಿನ ಆತ್ಮವನ್ನಲ್ಲ, ಪಶುವನ್ನು ಅಂದು ಆ ಹುಡುಗನಿಗೆ ತೋರಿಸಿದೆನೆಂಬ ಪಶ್ಚಾತ್ತಾಪ ಅವರನ್ನು ಬಿಡಲಿಲ್ಲ. ಮುಂದೆ ಅಲ್ಲಿಯದೇ ಫೀನಿಕ್ಸ್ ಆಶ್ರಮದ ವಿದ್ಯಾರ್ಥಿಗಳು ತಪ್ಪಿ ನಡೆದಾಗ ಅವರು ಉಪವಾಸ ಮಾಡಿದ್ದು ತಾವೇ. ಆಪಸ್ತಂಬನ ಪಟ್ಟಿಯ ಉಪವಾಸವನ್ನು ಶಿಷ್ಯನ ತಟ್ಟೆಯಿಂದ ಗುರುವಿನ ತಟ್ಟೆಗೆ ವರ್ಗಾಯಿಸಿದಂತಾಯಿತು. ಗೆರೆ ನೇರವಾಗಲೆಂದು ಹುಟ್ಟಿದ ಅಡಿಕೋಲು ಹೊಡೆಯಲು ಏಳುವುದು ಎಷ್ಟು ಸುಲಭವೋ, ಅದೇ ಕೋಲಿನಿಂದ ತನ್ನನ್ನು ಅಳೆದುಕೊಳ್ಳುವುದು ಅಷ್ಟೇ ಕಷ್ಟ.

ಬಸ್ಸಿನ ಅಜ್ಜಿಯ ಮಾತು ಉಳಿಯಿತು. ಹೊಗೇನಕಲ್ಲಿನಲ್ಲಿ ಇಳಿದಾಗ ಅವಳೂ ಮೊಮ್ಮಗನೂ ನನ್ನ ಮುಂದೆಯೇ ನಡೆಯುತ್ತಿದ್ದರು. ದಾರಿಯಲ್ಲಿ ಮರದಡಿಯ ಪಿಳ್ಳೈಯಾರನ, ಎಂದರೆ ಗಣಪತಿಯ, ಮುಂದೆ ನಿಂತು, ಕೈಗಳನ್ನು ಅಡ್ಡಡ್ಡಲಾಗಿ ಚಾಚಿ ಕಿವಿಗಳನ್ನು ಹಿಡಿದುಕೊಂಡು ತೋಪ್ಪುಕ್ಕರಣ ಹಾಕೆಂದು ಹುಡುಗನಿಗೆ ಹೇಳಿದಳು. ಕೈಗಳಿಂದ ಕಿವಿಯನ್ನು ಎಂಬರ್ಥದ ಸಂಸ್ಕೃತದ 'ದೋರ್ಭಿಃ ಕರ್ಣಂ' ತಮಿಳಿನಲ್ಲಿ ಹೀಗಾಯಿತೆನ್ನುತ್ತಾರೆ. ಗಣಪತಿ ನುಂಗಿದ ಚಕ್ರವನ್ನು ಹಿಂದಕ್ಕೆ ಪಡೆಯಲು ಮಹಾವಿಷ್ಣುವೇ ಹೀಗೆ ಕಿವಿ ಹಿಡಿದು ಕೂತೆದ್ದು ಅವನನ್ನು ನಗಿಸಿದನಂತೆ. ಕ್ಯಾಂಪ್‌ಬೆಲ್ಲನು ಶಾಲೆಯಲ್ಲಿ ಕಂಡ ಶಿಕ್ಷೆಯ ಭಂಗಿಯೇ ಇಲ್ಲಿ ಪೂಜೆಯ ಭಂಗಿ. ಹುಡುಗ ಗಟ್ಟಿಯಾಗಿ ಎಣಿಸುತ್ತ ಮೂರು ಹಾಕಿದ. ಅಜ್ಜಿ ತಾನೂ ಕಿವಿ ಹಿಡಿದು ಅರ್ಧ ಬಗ್ಗಿ, ಮಂಡಿ ಮಡಿಸಲಾರದೆ ನಿಂತಳು.

"ಸಾಕು ಬಾ ಕಂದ, ಮೂರಾಯ್ತಲ್ಲ."

"ಇರಜ್ಜಿ, ನಿಂದೂ ಮೂರು ನಾನೇ ಹಾಕ್ತೀನಿ" ಎಂದು ಅವನು ಮತ್ತೆ ಒಂದರಿಂದ ಎಣಿಸತೊಡಗಿದ.